ಸಾಕುಮೊಲದ ಮರಿಗಳ ಆಹಾರ ಮತ್ತು ಜೀರ್ಣಾರೋಗ್ಯ

ಸಾಕುಮೊಲ ನೈಋತ್ಯ ಯುರೋಪು ಮೂಲದ ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್ ಎಂಬ ಜಾತಿಗೆ ಸೇರಿದ ಸಸ್ಯಾಹಾರಿ ಪ್ರಾಣಿ. ಕರ್ನಾಟಕದ ಹೊಲ, ಕುರುಚಲು ಕಾಡುಗಳಲ್ಲಿ ಕಾಣುವ ಕಾಡುಮೊಲ ಲೀಪಸ್ ನೈಗ್ರಿಕೊಲಿಸ್ ಬೇರೊಂದು ಕುಲದ್ದು. ಕಾಡುಮೊಲದ ಮರಿ ಕಣ್ಣು ತೆರೆದುಕೊಂಡೇ ಹುಟ್ಟಿದರೆ ಸಾಕುಮೊಲದ ಮರಿ ಕಣ್ಣು ಮುಚ್ಚಿ, ಮೈಮೇಲೆ ಕೂದಲಿಲ್ಲದೆ ಹುಟ್ಟುತ್ತದೆ. ಹಾಲಿನಿಂದ ಹುಲ್ಲಿಗೆ ಹೊರಳುವ ಅವಧಿ, ಅಂದರೆ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲ, ಮರಿಯ ಜೀರ್ಣಾಂಗಗಳಿಗೆ ಅತ್ಯಂತ ಸೂಕ್ಷ್ಮವಾದದ್ದು. ಎಳೆಯ ಮೊಲಗಳ ಸಾವಿಗೆ ಕಾರಣವಾಗುವ ಹೊಟ್ಟೆಯ ರೋಗಗಳು ಬಹುಮಟ್ಟಿಗೆ ಈ ಅವಧಿಯಲ್ಲೇ ಕಾಣಿಸಿಕೊಳ್ಳುತ್ತವೆ.

ಜೀರ್ಣಕ್ರಿಯೆ

ಮೊಲದ ಜೀರ್ಣನಾಳದಲ್ಲಿ ಸೀಕಮ್ ಎಂಬ ಕುರುಡು ಕರುಳೇ ದೊಡ್ಡ ಭಾಗ. ನಾಳದ ಒಟ್ಟು ಗಾತ್ರದಲ್ಲಿ ಸುಮಾರು ಶೇ. 40ರಷ್ಟನ್ನು ಅದೇ ಆಕ್ರಮಿಸುತ್ತದೆ. ದೊಡ್ಡ ಕರುಳಿನ ಮೊದಲ ಭಾಗ ಆಹಾರವನ್ನು ಎರಡು ಪಾಲು ಮಾಡುತ್ತದೆ. ಒರಟಾದ ನಾರು ಬೇಗನೆ ಮುಂದೆ ಸಾಗಿ ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತದೆ. ಸಣ್ಣ ಕಣಗಳೂ ದ್ರವವೂ ಸೀಕಮ್‌ಗೆ ಹಿಂದಿರುಗಿ ಸೂಕ್ಷ್ಮಜೀವಿಗಳಿಂದ ಹುದುಗುತ್ತವೆ. ಹುದುಗಿದ ಈ ಅಂಶ ಲೋಳೆ ಲೇಪಿತವಾದ ಮೆತ್ತನೆಯ ಹಿಕ್ಕೆಗಳ ಗೊಂಚಲಾಗಿ ಹೊರಬರುತ್ತದೆ. ಮೊಲ ಅದನ್ನು ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಬಿ ಗುಂಪಿನ ಜೀವಸತ್ವಗಳು, ಕೆ ಜೀವಸತ್ವ ಮತ್ತು ಪ್ರೋಟೀನು ಹೀಗೆ ಅದಕ್ಕೆ ದಕ್ಕುತ್ತವೆ. ಇದು ಸಹಜ ಕ್ರಿಯೆಯಾದ್ದರಿಂದ ತಡೆಯಬಾರದು.

ನಾರಿನಲ್ಲಿ ಒಂದು ಪಾಲು ಜೀರ್ಣವಾಗದೆಯೇ ಹೊರಹೋಗುತ್ತದಾದರೂ ಕರುಳಿನ ಚಲನೆಯನ್ನು ಕಾಯುವುದು ಅದೇ. ಜೀವಮಾನವಿಡೀ ಬೆಳೆಯುತ್ತಲೇ ಇರುವ ಮೊಲದ 28 ಹಲ್ಲುಗಳು ಹುಲ್ಲನ್ನು ಅಗಿದಗಿದೇ ಸವೆಯಬೇಕು. ಹಲ್ಲು ಬೆಳೆದು ನಾಲಿಗೆಗೋ ಕೆನ್ನೆಗೋ ಚುಚ್ಚತೊಡಗಿದರೆ ಪ್ರಾಣಿ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳು ನಿಧಾನವಾಗುತ್ತದೆ. ಮೊಲಕ್ಕೆ ವಾಂತಿ ಮಾಡಲಾಗದು. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು.

ಹಾಲು ಕುಡಿಯುವ ಹಂತ

ತಾಯಿ ಮೊಲ ದಿನಕ್ಕೆ ಒಂದು ಬಾರಿ, ಅಪರೂಪಕ್ಕೆ ಎರಡು ಬಾರಿ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಹಾಗಾಗಿ ತಾಯಿ ಗೂಡಿನಲ್ಲಿ ಕಾಣದಿದ್ದ ಮಾತ್ರಕ್ಕೆ ಮರಿಗಳನ್ನು ಬಿಟ್ಟುಹೋಗಿದೆ ಎಂದು ತಿಳಿಯಬಾರದು. ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಹೆಚ್ಚು, ಲ್ಯಾಕ್ಟೋಸ್ ಕಡಿಮೆ. ಮರಿಯ ಜಠರದಲ್ಲಿ ಈ ಹಾಲಿನ ಕೊಬ್ಬಿನಿಂದ ಬಿಡುಗಡೆಯಾಗುವ ಕೊಬ್ಬಿನಾಮ್ಲಗಳು ರೋಗಾಣುಗಳನ್ನು ಹತ್ತಿಕ್ಕುತ್ತವೆ. ಬೆಳೆದ ಮೊಲದ ಜಠರದ ಪಿಎಚ್ 1ರಿಂದ 2ರಷ್ಟಿದ್ದು ಆಮ್ಲವೇ ರೋಗಾಣುಗಳನ್ನು ಕೊಲ್ಲುತ್ತದೆ. ಹಾಲುಗುಡಿಯುವ ಮರಿಯಲ್ಲಿ ಪಿಎಚ್ 5ರಿಂದ 6.5ರವರೆಗೆ ಇರುವುದರಿಂದ ಆ ರಕ್ಷಣೆ ಇನ್ನೂ ಇರುವುದಿಲ್ಲ. ಹಾಲನ್ನು ಬೇಗ ಬಿಡಿಸಿದರೆ ಹಾಲಿನ ಕಾವಲು ತಪ್ಪಿರುತ್ತದೆ, ಆಮ್ಲದ ಕಾವಲು ಇನ್ನೂ ಬಂದಿರುವುದಿಲ್ಲ.

ಮರಿಗಳು ಸುಮಾರು ಹತ್ತನೆಯ ದಿನಕ್ಕೆ ಕಣ್ಣು ತೆರೆಯುತ್ತವೆ. ಮೂರನೆಯ ವಾರದ ಹೊತ್ತಿಗೆ ಗಟ್ಟಿ ಆಹಾರ ಕಚ್ಚಲು ಶುರುಮಾಡುತ್ತವೆ. ಗೂಡಿನಲ್ಲಿ ತಾಯಿ ಹಾಕಿದ ಹಿಕ್ಕೆಗಳನ್ನು ಅವು ಮೆಲ್ಲುವುದುಂಟು. ಸೀಕಮ್‌ಗೆ ಬೇಕಾದ ಸೂಕ್ಷ್ಮಜೀವಿಗಳು ನೆಲೆಯೂರಲು ಇದು ನೆರವಾಗುತ್ತದೆ. ಪೇಟೆಗಳಲ್ಲಿ ನಾಲ್ಕೈದು ವಾರದ ಮರಿಗಳೂ ಮಾರಾಟಕ್ಕೆ ಬರುತ್ತವೆಯಾದರೂ ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಬೇರ್ಪಡಿಸದಿರುವುದು ಒಳ್ಳೆಯದು.

ಆಹಾರ ಕ್ರಮ

ಮರಿಗೆ ಒಣಹುಲ್ಲು ಹಗಲು ರಾತ್ರಿ ಸಿಗುತ್ತಿರಬೇಕು. ಕುದುರೆ ಮಸಾಲೆ ಎಂದು ರೈತರು ಕರೆಯುವ ಲೂಸರ್ನ್ ಮೇವಿನಲ್ಲಿ ಪ್ರೋಟೀನು, ಸುಣ್ಣದ ಅಂಶ ಹೆಚ್ಚಿರುವುದರಿಂದ ಬೆಳೆಯುವ ಮರಿಗೆ ಅದು ಒಪ್ಪುತ್ತದೆ. ಆರೇಳು ತಿಂಗಳ ಹೊತ್ತಿಗೆ ಅದನ್ನು ಕ್ರಮೇಣ ಕಡಿಮೆ ಮಾಡಿ ಹುಲ್ಲಿಗೇ ಬದಲಾಯಿಸಬೇಕು. ಮೊಲ ಹೆಚ್ಚುವರಿ ಕ್ಯಾಲ್ಸಿಯಮನ್ನು ಮೂತ್ರದ ಮೂಲಕ ಹೊರಹಾಕುತ್ತದಾದ್ದರಿಂದ ದೊಡ್ಡ ಮೊಲಕ್ಕೆ ಲೂಸರ್ನ್ ಅತಿಯಾದರೆ ಮೂತ್ರಕೋಶದಲ್ಲಿ ಗಸಿ ಕಟ್ಟಬಹುದು.

ಪೆಲೆಟ್ ಆಹಾರ ಒಣಹುಲ್ಲಿಗೆ ಪೂರಕ ಮಾತ್ರ. ನಾರು ಹೆಚ್ಚಾಗಿ, ಪಿಷ್ಟ ಕಡಿಮೆಯಾಗಿರುವ ಒಂದೇ ಬಗೆಯ ಗುಳಿಗೆಗಳು ಉತ್ತಮ. ಕಾಳು, ಬೀಜ ಬೆರೆಸಿದ ಮಿಶ್ರಣದಲ್ಲಿ ಮರಿ ರುಚಿಯಾದದ್ದನ್ನಷ್ಟೇ ಹೆಕ್ಕಿ ತಿನ್ನುತ್ತದೆ. ಹಸಿಸೊಪ್ಪಿನ ರೂಢಿ ಮೊದಲೇ ಇಲ್ಲದ ಮರಿಗೆ ಹನ್ನೆರಡು ವಾರಗಳ ನಂತರ ಒಂದು ಸಲಕ್ಕೆ ಒಂದೇ ಬಗೆಯ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಹಿಕ್ಕೆ ಸರಿಯಾಗಿದ್ದರೆ ಮಾತ್ರ ಮುಂದುವರಿಸಬೇಕು. ಕೊತ್ತಂಬರಿ, ಪುದೀನ, ಗರಿಕೆ ಇದಕ್ಕೆ ಒಗ್ಗುತ್ತವೆ. ಕೀಟನಾಶಕ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪನ್ನೂ ಕೊಡಬಹುದು. ಆದರೆ ಸುಬಾಬುಲ್ ಸೊಪ್ಪು ಬೇಡ, ಅದರಲ್ಲಿರುವ ಮೈಮೊಸಿನ್ ಎಂಬ ಅಂಶ ಕೂದಲು ಉದುರಿಸುತ್ತದೆ. ಅನ್ನ, ಚಪಾತಿ, ಬ್ರೆಡ್ಡು, ಬಿಸ್ಕತ್ತು, ಹಸುವಿನ ಹಾಲು, ಈರುಳ್ಳಿ, ಚಾಕೊಲೇಟ್ ಕೊಡಲೇಬಾರದು. ಕ್ಯಾರೆಟ್ಟಿನಲ್ಲೂ ಹಣ್ಣಿನಲ್ಲೂ ಸಕ್ಕರೆ ಹೆಚ್ಚಿರುವುದರಿಂದ ಅವನ್ನು ಮರಿಗೆ ಕೊಡದಿರುವುದೇ ಲೇಸು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಎಸೆಯಬೇಕು. ಶುದ್ಧ ನೀರು ಸದಾ ಇರಬೇಕು. ನೀರು ಕಡಿಮೆಯಾದರೆ ಮೇವು ತಿನ್ನುವುದೂ ಕಡಿಮೆಯಾಗುತ್ತದೆ.

ಹೊಸ ಮನೆಗೆ ಬಂದ ಮರಿಗೆ ಮೊದಲಿನ ಆಹಾರವನ್ನೇ ಕೆಲವು ದಿನ ಮುಂದುವರಿಸಿ, ಒಂದೆರಡು ವಾರಗಳಲ್ಲಿ ನಿಧಾನವಾಗಿ ಬದಲಿಸಬೇಕು. ಪ್ರಯಾಣ, ಗಲಾಟೆ, ಬಿಸಿಲಿನ ಒತ್ತಡದ ಜೊತೆಗೆ ಮೇವೂ ದಿಢೀರನೆ ಬದಲಾದರೆ ಸೀಕಮ್‌ನ ಸಮತೋಲ ಕೆಡುತ್ತದೆ.

ಪ್ರಮುಖ ರೋಗಗಳು

ಎಂಟರೊಟಾಕ್ಸೀಮಿಯಾ: ಎಳೆಯ ಮರಿ ಪಿಷ್ಟವನ್ನು ಪೂರ್ತಿ ಜೀರ್ಣಿಸಲಾರದು. ಉಳಿದ ಪಿಷ್ಟ ಸೀಕಮ್ ಸೇರಿದರೆ ಕ್ಲಾಸ್ಟ್ರಿಡಿಯಮ್ ಸ್ಪೈರೊಫಾರ್ಮೆಯಂಥ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಸ್ರವಿಸುತ್ತವೆ. ನೀರಿನಂಥ ಭೇದಿಯಾಗಿ ಮರಿ ಒಂದೆರಡು ದಿನಗಳಲ್ಲೇ ಸಾಯಬಹುದು.

ಕಾಕ್ಸಿಡಿಯೋಸಿಸ್: ಐಮೀರಿಯಾ ಕುಲದ ಏಕಕೋಶ ಪರಾವಲಂಬಿಗಳಿಂದ ಬರುತ್ತದೆ. ಹಲವು ಜಾತಿಗಳು ಕರುಳಿಗೆ ತಗುಲಿದರೆ ಐಮೀರಿಯಾ ಸ್ಟೈಡೇ ಯಕೃತ್ತಿನ ಪಿತ್ತನಾಳಗಳಿಗೆ ತಗಲುತ್ತದೆ. ಹಿಕ್ಕೆಯೊಂದಿಗೆ ಹೊರಬಿದ್ದ ಊಸಿಸ್ಟ್‌ಗಳು, ಅಂದರೆ ಈ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು, ಬೆಚ್ಚಗಿನ ತೇವದಲ್ಲಿ ಪಕ್ವವಾದ ಮೇಲಷ್ಟೇ ಸೋಂಕು ಹರಡುತ್ತವೆ. ಆದ್ದರಿಂದ ಗೂಡನ್ನು ದಿನವೂ ಗುಡಿಸಿ ಒಣಗಿಸಿಡುವುದು ಮುಖ್ಯ.

ಮ್ಯೂಕಾಯ್ಡ್ ಎಂಟರೋಪತಿ: ಸಾಮಾನ್ಯವಾಗಿ 7ರಿಂದ 14 ವಾರದ ಮರಿಗಳಲ್ಲಿ ಕಾಣುತ್ತದೆ. ಹೊಟ್ಟೆ ಉಬ್ಬಿ, ಹಿಕ್ಕೆಯ ಬದಲು ಲೋಳೆ ಹೊರಬರುತ್ತದೆ. ನಾರಿನ ಕೊರತೆ ಇದಕ್ಕೆ ಎಡೆಮಾಡಿಕೊಡುತ್ತದೆ.

ಲಕ್ಷಣಗಳು ಮತ್ತು ಆರೈಕೆ

ಮೇವು ಬಿಡುವುದು, ಹಿಕ್ಕೆ ಸಣ್ಣದಾಗುವುದು ಅಥವಾ ನಿಲ್ಲುವುದು, ಬೆನ್ನು ಬಾಗಿಸಿ ಮುದುಡಿ ಕೂರುವುದು, ಹಲ್ಲು ಕಡಿಯುವುದು, ಹೊಟ್ಟೆ ಉಬ್ಬರಿಸುವುದು ಮುಖ್ಯ ಲಕ್ಷಣಗಳು. ಮರಿ ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೂ ಅದು ತುರ್ತು ಸ್ಥಿತಿ. ನೀರುಭೇದಿಯಾದರೆ ಕೆಲವೇ ಗಂಟೆಗಳಲ್ಲಿ ಮೈಯ ನೀರು ಇಂಗುತ್ತದೆ. ಪಶುವೈದ್ಯರ ಬಳಿಗೆ ಹೋಗುವವರೆಗೆ ಮರಿಯನ್ನು ಬೆಚ್ಚಗಿಟ್ಟು, ಒಣಹುಲ್ಲು ಮತ್ತು ನೀರು ಎದುರಿಗಿಡಬೇಕು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಕೊಡಬಾರದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಔಷಧಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಸೀಕಮ್‌ನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಎಂಟರೊಟಾಕ್ಸೀಮಿಯಾ ತಲೆದೋರಬಹುದು.