ಕಾನ್ಹೇರಿಯಲ್ಲಿ ಅಮೋಘವರ್ಷ

ರವಿವಾರ ಬುತ್ತಿ ಕಟ್ಟಿಕೊಂಡು ಬೋರಿವಲಿಯಲ್ಲಿ ಇಳಿದರೆ ಕಾನ್ಹೇರಿ ಗುಡ್ಡ ದೂರವೇನಲ್ಲ. ಬಂಡೆಯಲ್ಲಿ ಕೊರೆದ ಬೌದ್ಧ ಗುಹೆಗಳು ನೂರಕ್ಕೂ ಮೇಲೆ. ಅನೇಕ ಗುಹೆಗಳ ಬಾಗಿಲಲ್ಲೇ ಮಳೆನೀರಿನ ತೊಟ್ಟಿ. ನಲ್ಲಿಯ ನೀರಿಗಾಗಿ ನಸುಕಿನಲ್ಲೇಳುವ ನಮ್ಮ ಮನೆಯವರು ಅಲ್ಲೇ ಬಹಳ ಹೊತ್ತು ನಿಂತರು.

ನಾವು ಹುಡುಕಿ ಹೋದದ್ದು ಶಾಸನಗಳನ್ನು. 9ನೆಯ ಶತಮಾನದ ಮೂರರಲ್ಲಿ ನಮ್ಮ ಮಳಖೇಡದ ಅಮೋಘವರ್ಷನ ಹೆಸರಿದೆ. ಕೊಂಕಣವನ್ನಾಳಿದ ಶಿಲಾಹಾರರು ಅವನ ಸಾಮಂತರು. ದೊರೆಗೆ ಜೈನಧರ್ಮದ ಒಲವು, ಆದರೂ ಇಲ್ಲಿ ಭಿಕ್ಷುಗಳಿಗೆ ದಾನ ನಡೆದೇ ಇತ್ತು. ಭಾಷೆ ಮಾತ್ರ ಸಂಸ್ಕೃತ. ಕನ್ನಡ ತೋರಿಸುತ್ತೇವೆಂದು ಮಕ್ಕಳಿಗೆ ಆಸೆ ಹುಟ್ಟಿಸಿದ್ದು ನಮ್ಮದೇ ತಪ್ಪು.

ಶಕ 775ರ (ಕ್ರಿ.ಶ. 853-54) ಶಾಸನದ ದಾನಿ ಗೌಡ ದೇಶದ, ಅಂದರೆ ಬಂಗಾಳದ ಕಡೆಯ ಅವಿಘ್ನಾಕರ, ನೂರು ದ್ರಮ್ಮ ಕೊಟ್ಟವನು. ಅವನೂ ಊರು ಬಿಟ್ಟು ಬಂದವನೇ ಎಂದು ಮಗಳು ಕೇಳಿದಳು. ಹೌದಮ್ಮ ಎಂದೆವು.