ರಾಜಂ ಹತ್ತಿದ ರೈಲು

ಮಾಲ್ಗುಡಿ ಹುಟ್ಟಿದ್ದು ಬೆಂಗಳೂರಿನಲ್ಲಿ. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಶುಭದಿನದಂದು, ಆರ್.ಕೆ. ನಾರಾಯಣ್ ಒಂದು ನೋಟ್‌ಬುಕ್ ಕೊಂಡು ತಂದು ಕಾದಂಬರಿ ಬರೆಯಲು ಕೂತರು. ಪೆನ್ನು ಕಚ್ಚುತ್ತ ಯೋಚಿಸುತ್ತಿದ್ದಾಗ ಮೊದಲು ಕಣ್ಣಿಗೆ ಬಂದದ್ದು ಪುಟ್ಟದೊಂದು ರೈಲು ನಿಲ್ದಾಣವಿದ್ದ ಊರು. ಬರೆದು ಮುಗಿಸಿದ್ದನ್ನು ಪ್ರಕಾಶಕರು ವಾಪಸು ಕಳಿಸಿದರು. ಬೇಸತ್ತ ನಾರಾಯಣ್, ಇಂಗ್ಲೆಂಡಿನಲ್ಲಿದ್ದ ಗೆಳೆಯ ಕಿಟ್ಟು ಪೂರ್ಣನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಪೂರ್ಣ ಅದನ್ನು ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್ ಕೈಗಿತ್ತರು. ಅವರ ಶಿಫಾರಸಿನಿಂದ 1935ರಲ್ಲಿ ಲಂಡನ್ನಿನಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಯಿತು.

ನಮ್ಮ ಮಲೆನಾಡಿಗೆ ಆ ಊರನ್ನು ಟಿವಿ ಧಾರಾವಾಹಿಗಾಗಿ ತಂದವರು ಶಂಕರ್‌ನಾಗ್. ಆಗುಂಬೆಯ ಬೀದಿ ಮಾಲ್ಗುಡಿಯಾಯಿತು, ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಅದರ ರೈಲು ನಿಲ್ದಾಣವಾಯಿತು. ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಪಕ್ಕದಲ್ಲೇ ಹಳೆಯ ಬೋಗಿಯೊಂದರಲ್ಲಿ ಚಹಾ ಅಂಗಡಿ. ಬಂದವರೆಲ್ಲ ಫೋಟೊ ತೆಗೆಸಿಕೊಂಡು, ಎಂಥಾ ಚಂದದ ಬಾಲ್ಯ ಅನ್ನುತ್ತಾರೆ.

ಆ ಮಾತು ನನಗೆ ಅರ್ಧ ಸತ್ಯ. ಹೈಸ್ಕೂಲು ಮೇಷ್ಟರಾಗಿ ಈ ಕಾದಂಬರಿಯನ್ನು ತರಗತಿಯಲ್ಲಿ ಮತ್ತೆ ಮತ್ತೆ ಓದಿ ಹೇಳಿದವನು ನಾನು. ಅದರೊಳಗೆ 1930ರ ಆಗಸ್ಟ್ ತಿಂಗಳಿದೆ. ಸರಯೂ ದಂಡೆಯ ಸಭೆಯಲ್ಲಿ ವಿದೇಶಿ ಬಟ್ಟೆ ಸುಡುತ್ತಾರೆ, ಸ್ವಾಮಿ ತನ್ನ ಟೋಪಿಯನ್ನೂ ಬೆಂಕಿಗೆ ಎಸೆಯುತ್ತಾನೆ. ಮರುದಿನ ಶಾಲೆಯ ಗಾಜು ಒಡೆಯುವ ಗುಂಪಿನಲ್ಲೂ ಅವನಿದ್ದಾನೆ. ಜನರ ಮೇಲೆ ಲಾಠಿ ಬೀಸಿದ ಪೊಲೀಸರ ಅಧಿಕಾರಿ ಬೇರೆ ಯಾರೂ ಅಲ್ಲ, ಗೆಳೆಯ ರಾಜಂನ ಅಪ್ಪ. ಹತ್ತು ವರ್ಷದ ಹುಡುಗ ಇದನ್ನು ಯಾರ ಹತ್ತಿರ ಹೇಳಿಕೊಂಡಾನು? ಮುಂದೆ ಬೋರ್ಡ್ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ಬೆತ್ತ ಕಿತ್ತು ಕಿಟಕಿಯಾಚೆ ಎಸೆದು ಓಡುತ್ತಾನಲ್ಲ, ಊರು ಬಿಟ್ಟು ಕಾಡುದಾರಿಯಲ್ಲಿ ಕತ್ತಲಿಗೆ ಸಿಕ್ಕುತ್ತಾನಲ್ಲ, ಅದೇ ಅವನ ಸಾಹಸ. ಅದಕ್ಕೆ ತಳ್ಳಿದ್ದು ಬರೀ ಭಯ.

ಬೆತ್ತದ ಪುಟ ಬಂದಾಗ ನನ್ನ ತರಗತಿ ತಾನಾಗಿ ಮೌನವಾಗುತ್ತಿತ್ತು. ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. ಅವರಲ್ಲಿ ಕೆಲವರಿಗೆ ಆ ಬೆತ್ತ ಕಥೆಯದ್ದಾಗಿರಲಿಲ್ಲ.

ಸ್ವಾಮಿ ಕಾಡಿನಿಂದ ಮರಳುವಷ್ಟರಲ್ಲಿ, ಅವನು ರಾಜಂ ಜೊತೆ ಆಡಬೇಕಿದ್ದ ಕ್ರಿಕೆಟ್ ಮ್ಯಾಚು ಮುಗಿದು, ಅವರ ತಂಡ ಸೋತು, ರಾಜಂ ಮಾತು ಬಿಟ್ಟಿರುತ್ತಾನೆ. ಅಪ್ಪನಿಗೆ ವರ್ಗವಾಗಿ ಅವನು ಊರು ಬಿಡುವ ಮುಂಜಾನೆ ಸ್ವಾಮಿ ನಿಲ್ದಾಣಕ್ಕೆ ಓಡುತ್ತಾನೆ, ಕೈಯಲ್ಲಿ ಆಂಡರ್ಸನ್‌ನ ಮಕ್ಕಳ ಕಥೆಗಳ ಪುಸ್ತಕ. ರೈಲು ಹೊರಟಾಗ ಇನ್ನೊಬ್ಬ ಗೆಳೆಯ ಮಣಿ ಅದನ್ನು ರಾಜಂ ಕೈಗೆ ತಲುಪಿಸುತ್ತಾನೆ. ರಾಜಂ ಕ್ಷಮಿಸಿದನೋ ಇಲ್ಲವೋ, ನಾರಾಯಣ್ ಹೇಳುವುದಿಲ್ಲ.

'ಆಮೇಲೆ ರಾಜಂ ಕಾಗದ ಬರೆದನಾ ಸಾರ್?' ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು. ನಾವು ಹಂಬಲಿಸುವುದು ಕಳೆದುಹೋದ ಸುಖಕ್ಕಲ್ಲ, ಹೀಗೆ ರಾಜಿಯಾಗದೆ ಉಳಿದ ಗೆಳೆತನಗಳಿಗೆ ಎಂದು ನನಗೆ ಅನ್ನಿಸಿದ್ದು ಆ ಪ್ರಶ್ನೆಯಿಂದ. ಅರಸಾಳಿಗೆ ಮಕ್ಕಳನ್ನು ಕರೆದೊಯ್ಯುವವರು ದಯವಿಟ್ಟು ಹಿಂದಿನ ರಾತ್ರಿ ಆ ಕೊನೆಯ ಅಧ್ಯಾಯವನ್ನು ಅವರಿಗೆ ಓದಿ ಹೇಳಿ.