ಕರೆನ್ ಜನರ ಸಾಂಪ್ರದಾಯಿಕ ಜೀವನ

ಕರೆನ್ ಜನರು ಮ್ಯಾನ್ಮಾರ್ (ಬರ್ಮಾ) ದೇಶದ ದಕ್ಷಿಣ ಮತ್ತು ಆಗ್ನೇಯ ಭಾಗಗಳಲ್ಲಿಯೂ ಥೈಲ್ಯಾಂಡಿನ ಪಶ್ಚಿಮ ಗಡಿಯ ಬೆಟ್ಟಗಳಲ್ಲಿಯೂ ವಾಸಿಸುವ ಜನಾಂಗ. ಸ್ಗಾ ಮತ್ತು ಪ್ವೋ ಇವರ ಪ್ರಮುಖ ಪಂಗಡಗಳು. ಬಯಲಿನ ಕರೆನ್ ಜನರು ಗದ್ದೆಗಳಲ್ಲಿ ಭತ್ತ ಬೆಳೆದರೆ, ಬೆಟ್ಟದವರ ಬದುಕು ಸರದಿಯ ಕುಮರಿ ಬೇಸಾಯವನ್ನು ಅವಲಂಬಿಸಿದೆ.

ಬೇಸಾಯ ಪದ್ಧತಿ

ಒಂದು ವರ್ಷ ಬೆಳೆ ತೆಗೆದ ನೆಲವನ್ನು ಹಲವು ವರ್ಷ ಬೀಳು ಬಿಟ್ಟು, ಕಾಡು ಮತ್ತೆ ಬೆಳೆದ ಬಳಿಕ ಅಲ್ಲಿಗೇ ಮರಳುವುದು ಈ ಪದ್ಧತಿಯ ತಿರುಳು. ಬೇಸಿಗೆಯಲ್ಲಿ ಗಿಡಮರಗಳನ್ನು ಕಡಿದು ಒಣಗಿಸಿ, ಮಳೆಗಾಲಕ್ಕೆ ಮುನ್ನ ಸುಡುತ್ತಾರೆ, ಬೂದಿಯೇ ಗೊಬ್ಬರವಾಗುತ್ತದೆ. ಮರಗಳನ್ನು ಬುಡಸಹಿತ ಕೀಳದೆ ಮೋಟು ಉಳಿಸುವುದರಿಂದ ಅವು ಮತ್ತೆ ಚಿಗುರುತ್ತವೆ. ನೆಲವನ್ನು ಉಳದೆ, ಚೂಪಾದ ಕೋಲಿನಿಂದ ಕುಳಿ ಮಾಡಿ ಭತ್ತ ಬಿತ್ತುತ್ತಾರೆ. ಅದರೊಡನೆ ಮೆಣಸಿನಕಾಯಿ, ಎಳ್ಳು, ಕುಂಬಳ, ಗೆಡ್ಡೆಗಳನ್ನೂ ಬೆಳೆಯುತ್ತಾರೆ.

ಮನೆ ಮತ್ತು ಕುಟುಂಬ

ಬಿದಿರು ಮತ್ತು ಮರದ ಮನೆಗಳನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟುತ್ತಾರೆ. ಕೆಳಗೆ ಹಂದಿ, ಕೋಳಿಗಳಿರುತ್ತವೆ. ಮದುವೆಯ ನಂತರ ವರನು ವಧುವಿನ ತವರುಮನೆಯಲ್ಲಿ ನೆಲೆಸುವುದು ವಾಡಿಕೆ.

ಉಡುಪು

ಮಹಿಳೆಯರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮಗ್ಗದಲ್ಲಿ ಬಟ್ಟೆ ನೇಯುತ್ತಾರೆ. ಅವಿವಾಹಿತೆಯರು ಉದ್ದನೆಯ ಬಿಳಿ ನಿಲುವಂಗಿಯನ್ನೂ, ವಿವಾಹಿತೆಯರು ಕುಪ್ಪಸ ಮತ್ತು ಲುಂಗಿಯಂಥ ಉಡುಪನ್ನೂ ಧರಿಸುತ್ತಾರೆ. ಕೊರಳಿಗೆ ಹಿತ್ತಾಳೆಯ ಸುರುಳಿ ಧರಿಸುವ ರೂಢಿ ಇವರೆಲ್ಲರದಲ್ಲ. ಅದು ಸಂಬಂಧಿತ ಕಯಾನ್ ಪಂಗಡದ್ದು.

ನಂಬಿಕೆಗಳು

ಕಾಡು, ನೀರು, ನೆಲಗಳಿಗೆ ಒಡೆಯರಾದ ಚೇತನಗಳಿವೆ ಎಂಬುದು ಪ್ರಾಚೀನ ನಂಬಿಕೆ. ಇಂದು ಬೌದ್ಧರು ಹೆಚ್ಚಾಗಿದ್ದು, ಕ್ರೈಸ್ತರೂ ಇದ್ದಾರೆ. ಥೈಲ್ಯಾಂಡಿನ ಬೆಟ್ಟದ ಹಳ್ಳಿಗಳಲ್ಲಿ ನವಜಾತ ಶಿಶುವಿನ ಹೊಕ್ಕುಳಬಳ್ಳಿಯನ್ನು ಬಿದಿರಿನ ಕೊಳವೆಯಲ್ಲಿಟ್ಟು ಮರಕ್ಕೆ ಕಟ್ಟುವ ಪದ್ಧತಿಯಿದೆ. ಆ ಮರದೊಂದಿಗೆ ಮಗುವಿನ ಜೀವ ಬೆಸೆದಿರುತ್ತದೆಂದು ಭಾವಿಸಿ ಅದನ್ನು ಯಾರೂ ಕಡಿಯುವುದಿಲ್ಲ. ಕಪ್ಪೆಯ ಆಕೃತಿಗಳುಳ್ಳ ಕಂಚಿನ ನಗಾರಿ ಇವರ ಪವಿತ್ರ ವಾದ್ಯ.

ಭಾರತದಲ್ಲಿ ಕರೆನ್ ಜನರು

1925ರಲ್ಲಿ ಬ್ರಿಟಿಷ್ ಆಡಳಿತವು ಕೆಲವು ಕರೆನ್ ಕುಟುಂಬಗಳನ್ನು ಅರಣ್ಯ ಕೆಲಸಕ್ಕಾಗಿ ಅಂಡಮಾನಿಗೆ ಕರೆತಂದಿತು. ಅವರ ಸಂತತಿಯವರು ಮಾಯಾಬಂದರ್ ಸುತ್ತಲಿನ ವೇಬಿ ಮೊದಲಾದ ಹಳ್ಳಿಗಳಲ್ಲಿದ್ದಾರೆ.

ಇಂದಿನ ಸ್ಥಿತಿ

ಮ್ಯಾನ್ಮಾರಿನಲ್ಲಿ 1949ರಿಂದ ನಡೆದಿರುವ ಸಶಸ್ತ್ರ ಸಂಘರ್ಷದಿಂದ ಅಸಂಖ್ಯ ಹಳ್ಳಿಗರು ನಿರಾಶ್ರಿತರಾಗಿದ್ದಾರೆ. ಥೈಲ್ಯಾಂಡಿನಲ್ಲಿ ಕೆಂಗ್ ಕ್ರಚಾನ್ ರಾಷ್ಟ್ರೀಯ ಉದ್ಯಾನದ ಒಳಭಾಗದಿಂದ 1996ರಲ್ಲಿ ಕರೆನ್ ಕುಟುಂಬಗಳನ್ನು ಸ್ಥಳಾಂತರಿಸಲಾಯಿತು. ಕುಮರಿ ಬೇಸಾಯವನ್ನು ಅರಣ್ಯನಾಶವೆಂದು ಪರಿಗಣಿಸಿ ನಿರ್ಬಂಧಿಸಿದ ಕಡೆಗಳಲ್ಲಿ ಬೇಸಾಯಕ್ಕೆ ಸಿಗುವ ಭೂಮಿ ಕಡಿಮೆಯಾಗಿ, ಬೀಳು ಬಿಡುವ ಅವಧಿಯೂ ಕುಗ್ಗಿದೆ. ಕಾಡು ಪೂರ್ಣವಾಗಿ ಮರಳುವ ಮುನ್ನವೇ ಅದೇ ನೆಲವನ್ನು ಮತ್ತೆ ಬಿತ್ತಬೇಕಾಗಿ ಬಂದು ಮಣ್ಣಿನ ಸಾರ ಕ್ಷೀಣಿಸುತ್ತದೆ. ಸಾಲ್ವೀನ್ ನದಿಯ ಪ್ರದೇಶದಲ್ಲಿ ಕರೆನ್ ಸಮುದಾಯವೇ 2018ರಲ್ಲಿ ‘ಸಾಲ್ವೀನ್ ಶಾಂತಿ ಉದ್ಯಾನ’ವನ್ನು ಘೋಷಿಸಿ, ಕಾಡು ಮತ್ತು ಸಾಂಪ್ರದಾಯಿಕ ಬೇಸಾಯಗಳೆರಡನ್ನೂ ಉಳಿಸಿಕೊಳ್ಳಲು ಯತ್ನಿಸುತ್ತಿದೆ.